ಮೌನ ಪ್ರಾರ್ಥನೆ: ಪದವನ್ನು ಹಿಡಿದಿರಬೇಕೋ, ಬಿಡಬೇಕೋ?

ಹಣತೆ:
ನಮ್ಮದು ಹನ್ನೆರಡು ಜನರ ಕ್ರೈಸ್ತ ಪ್ರಾರ್ಥನಾ ಗುಂಪು. ಹಾಡು, ವಾಚನ, ಬಿನ್ನಹ ಎಲ್ಲ ಇದೆ, ಮೌನ ಮಾತ್ರ ಇಲ್ಲ. ಕೊನೆಯಲ್ಲಿ 20 ನಿಮಿಷ ಸುಮ್ಮನೆ ಕೂತು ಪ್ರಾರ್ಥಿಸುವುದನ್ನು ಸೇರಿಸಬೇಕೆಂದಿದ್ದೇವೆ. ಹೇಗೆ ಎಂದು ಹುಡುಕಿದರೆ ಒಂದಕ್ಕೊಂದು ತಾಳೆಯಾಗದ ಸೂಚನೆಗಳು. ಒಬ್ಬರು ಒಂದು ಪದವನ್ನು ಮೊದಲಿಂದ ಕೊನೆವರೆಗೂ ಬಿಡದೆ ಹೇಳಿ ಎನ್ನುತ್ತಾರೆ. ಇನ್ನೊಬ್ಬರ ಪ್ರಕಾರ ಮನಸ್ಸು ಅಲೆದಾಗ ಮಾತ್ರ ಪದಕ್ಕೆ ಬರಬೇಕು. ಮೂರನೆಯವರು ಇಡೀ ವಾಕ್ಯವನ್ನೇ ಉಸಿರಿನ ಜೊತೆ ಹೇಳಿಸುತ್ತಾರೆ. ಯಾವುದು ಸರಿ? ಹತ್ತು ನಿಮಿಷ ದಾಟಿದರೆ ಅರ್ಧ ಜನ ತೂಕಡಿಸುತ್ತಾರೆ ಅನ್ನುವ ಭಯವೂ ಇದೆ. ದಯವಿಟ್ಟು ಸ್ವಂತ ಅನುಭವದ ಸಾಕ್ಷಿ ಬೇಡ, ವಿಧಾನ ಹೇಳಿ.

ಮೆಟ್ಟಿಲು:
ಹಣತೆಯವರೇ, ಮೂರೂ ಸರಿ. ಮೂರನ್ನೂ ಕಲಸಿದರೆ ಮಾತ್ರ ಕೆಡುತ್ತದೆ. ಗುಂಪುಗಳಲ್ಲಿ ಮೌನ ಪ್ರಾರ್ಥನೆ ನಿಂತುಹೋಗುವುದಕ್ಕೆ ಅರ್ಧದಷ್ಟು ಕಾರಣ ಈ ಕಲಸುಮೇಲೋಗರವೇ ಎಂಬುದು ನನ್ನ ಅಭಿಪ್ರಾಯ. ಬೇರೆ ಬೇರೆಯಾಗಿ ನೋಡೋಣ.

ಮನಸ್ಸು ಅಲೆದಾಗ ಮಾತ್ರ ಪದ ಅನ್ನುವುದು ಸೆಂಟರಿಂಗ್ ಪ್ರೇಯರ್. 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್‌ನಲ್ಲಿರುವ ಟ್ರ್ಯಾಪಿಸ್ಟ್ ಮಠದಲ್ಲಿ ವಿಲಿಯಂ ಮೆನಿಂಜರ್, ಬೇಸಿಲ್ ಪೆನಿಂಗ್ಟನ್, ಥಾಮಸ್ ಕೀಟಿಂಗ್ ಎಂಬ ಮೂವರು ಸನ್ಯಾಸಿಗಳು ಇದನ್ನು ರೂಪಿಸಿದರು. ಆಧಾರ, ಹೆಸರು ಹೇಳದ ಲೇಖಕನೊಬ್ಬ 14ನೇ ಶತಮಾನದ ಇಂಗ್ಲೆಂಡಿನಲ್ಲಿ ಬರೆದ 'ಕ್ಲೌಡ್ ಆಫ್ ಅನ್‌ನೋಯಿಂಗ್'. ಸೂಚನೆ ನಾಲ್ಕೇ. ದೇವರ ಸನ್ನಿಧಿಗೂ ಆತನ ಕೆಲಸಕ್ಕೂ ಒಪ್ಪಿಗೆ ಕೊಡುತ್ತೇನೆ ಎಂಬುದರ ಗುರುತಾಗಿ ಒಂದು ಚಿಕ್ಕ ಪದ ಆರಿಸಿಕೊಳ್ಳುವುದು. ಆರಾಮವಾಗಿ ಕೂತು, ಕಣ್ಣು ಮುಚ್ಚಿ, ಆ ಪದವನ್ನು ಮನಸ್ಸಿನಲ್ಲಿ ಮೆಲ್ಲನೆ ತರುವುದು. ಯಾವುದಾದರೂ ಆಲೋಚನೆಯ ಬೆನ್ನು ಹತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಗದ್ದಲವಿಲ್ಲದೆ ಪದಕ್ಕೆ ಮರಳುವುದು. ಕೊನೆಯಲ್ಲಿ ಎರಡು ಮೂರು ನಿಮಿಷ ಕಣ್ಣು ತೆರೆಯದೆ ಮೌನವಾಗಿಯೇ ಇರುವುದು. 20 ನಿಮಿಷ, ದಿನಕ್ಕೆ ಎರಡು ಸಲ. ಇಲ್ಲಿ ಪದ ತಾನಾಗಿ ಮಸುಕಾಗಿ ಮರೆಯಾದರೆ ಮರೆಯಾಗಲಿ. ಆಲೋಚನೆ ಹಿಡಿದೆಳೆಯದೆ ಇರುವಾಗ ಪದವನ್ನು ಬಲವಂತವಾಗಿ ಕರೆತರುವುದು ಈ ವಿಧಾನದಲ್ಲಿ ತಪ್ಪು.

ಬಿಡದೆ ಹೇಳುವುದು ಜಾನ್ ಮೇನ್ ಎಂಬ ಬೆನೆಡಿಕ್ಟೀನ್ ಸನ್ಯಾಸಿಯ (1926–1982) ಕ್ರಿಸ್ತೀಯ ಧ್ಯಾನ. ಅವರು ಸೂಚಿಸುತ್ತಿದ್ದ ಪದ 'ಮಾರನಾಥ' (ನಮ್ಮ ಕರ್ತನೇ, ಬಾ), 1 ಕೊರಿಂಥ 16:22ರ ಅರಮಾಯಿಕ್ ಪ್ರಾರ್ಥನೆ. ಮಾ-ರಾ-ನಾ-ಥಾ, ನಾಲ್ಕಕ್ಕೂ ಸಮ ಒತ್ತು. ಬೆಳಿಗ್ಗೆ, ಸಂಜೆ 20ರಿಂದ 30 ನಿಮಿಷ. ನೆಮ್ಮದಿ ಎನಿಸಿದರೂ ನಿಲ್ಲಿಸಬಾರದು, ಬೇಸರವಾದರೂ ನಿಲ್ಲಿಸಬಾರದು, ಗಂಟೆ ಬಾರಿಸುವವರೆಗೆ ಪದವೇ. ಪದ ಬಿಟ್ಟು ಹಿತವಾದ ಮಂಪರಿನಲ್ಲಿ ತೇಲುವುದನ್ನು ಪ್ರಾರ್ಥನೆ ಎಂದು ಅವರು ಒಪ್ಪುತ್ತಿರಲಿಲ್ಲ.

ಒಂದರಲ್ಲಿ ಪದವನ್ನು ಬಿಡುವುದು ನಿಯಮ, ಇನ್ನೊಂದರಲ್ಲಿ ಬಿಡದಿರುವುದು ನಿಯಮ. ಒಂದೇ ಕೋಣೆಯಲ್ಲಿ ಎರಡೂ ಸೂಚನೆ ಕೊಟ್ಟರೆ ಕೂತವರು ಇಪ್ಪತ್ತು ನಿಮಿಷವೂ 'ಈಗ ಹೇಳಬೇಕಾ, ಬೇಡವಾ' ಎಂದು ಯೋಚಿಸುತ್ತಾ ಕೂರುತ್ತಾರೆ.

ಪದದ ಆಯ್ಕೆಗೂ ಒಂದು ಮಾತು. ಎರಡು ಮೂರು ಅಕ್ಷರದ್ದು ಸಾಕು: ಯೇಸು, ಅಬ್ಬಾ, ಪ್ರಭು, ಕರ್ತಾ. ನೆನಪುಗಳ ಸರಮಾಲೆ ಎಳೆದು ತರುವ ಪದ ಬೇಡ. ತೀರಿಹೋದವರ ನೆನಪು ಹಸಿಯಾಗಿರುವವರು 'ಅಮ್ಮ' ಎಂದು ಆರಿಸಿಕೊಂಡರೆ ಪ್ರಾರ್ಥನೆ ಅಲ್ಲಿಗೇ ಮುಗಿಯಿತು. ಕೂತ ಮೇಲೆ ಪದ ಬದಲಿಸುವಂತಿಲ್ಲ. ಪದ ಬದಲಿಸಬೇಕು ಅನ್ನಿಸುವುದೂ ಒಂದು ಆಲೋಚನೆಯೇ.

ಗಂಟುಹಗ್ಗ:
ಮೂರನೆಯದರ ಬಗ್ಗೆ ನಾನು ಹೇಳುತ್ತೇನೆ. ಅದು ಪೂರ್ವದ ಆರ್ಥಡಾಕ್ಸ್ ಸಭೆಯ ಯೇಸು ಪ್ರಾರ್ಥನೆ. "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು." ಲೂಕ 18ರಲ್ಲಿ ಸುಂಕದವನ ಮೊರೆ ಇದೆ (ವಚನ 13), ಯೆರಿಕೋವಿನ ಕುರುಡನ ಕೂಗೂ ಇದೆ (ವಚನ 38). ಎರಡೂ ಈ ಒಂದು ವಾಕ್ಯದೊಳಗೆ ಸೇರಿವೆ.

ಇದನ್ನು ಮೇಲಿನ ಎರಡರ ಪಕ್ಕ ಇಡುವಾಗ ಹುಷಾರು. ಇಲ್ಲಿ ಪದ ಬರೀ ಗುರುತಲ್ಲ, ಒಬ್ಬಾತನನ್ನು ಹೆಸರು ಹಿಡಿದು ಕರೆಯುತ್ತಿದ್ದೀರಿ. ಅರ್ಥದ ಮೇಲೆ ಗಮನ ಇರಲೇಬೇಕು. ಮೊದಲು ತುಟಿಯಲ್ಲಿ, ತನಗೆ ಕೇಳುವಷ್ಟು ಮೆಲುದನಿಯಲ್ಲಿ. ಆಮೇಲೆ ಮನಸ್ಸಿನಲ್ಲಿ. ಹೃದಯಕ್ಕೆ ಇಳಿಯುವುದು ದೇವರ ಕೃಪೆಗೆ ಬಿಟ್ಟದ್ದು, ಅದನ್ನು ವೇಳಾಪಟ್ಟಿ ಹಾಕಿ ತರಿಸಲಾಗದು.

ಲೆಕ್ಕಕ್ಕೆ ಉಣ್ಣೆಯ ಗಂಟಿನ ಹಗ್ಗ: 33, 50 ಅಥವಾ 100 ಗಂಟು. ಎಡಗೈಯಲ್ಲಿ ಹಿಡಿಯುವುದು ವಾಡಿಕೆ, ಬಲಗೈ ಶಿಲುಬೆ ಗುರುತಿಗೆ ಬೇಕಲ್ಲ. ಒಂದು ವಾಕ್ಯಕ್ಕೆ 8 ಸೆಕೆಂಡ್ ಎಂದಿಟ್ಟುಕೊಂಡರೆ ನೂರಕ್ಕೆ 13 ನಿಮಿಷ ಚಿಲ್ಲರೆ. ಹೊಸಬರಿಗೆ ಅಷ್ಟು ಧಾರಾಳ. ಈ ಪ್ರಾರ್ಥನೆ ಕಲಿತ ರಷ್ಯದ ಯಾತ್ರಿಕನೊಬ್ಬನ ಕಥೆ ಹೇಳುವ ಹಳೆಯ ಪುಸ್ತಕದಲ್ಲಿ ಗುರು ದಿನಕ್ಕೆ 3,000, ಆಮೇಲೆ 6,000, ಆಮೇಲೆ 12,000 ಹೇಳಿಸುತ್ತಾನೆ. ಅದನ್ನು ಓದಿ ನೇರವಾಗಿ ಅದಕ್ಕೇ ಕೈಹಾಕುವವರು ಗಣಿತ ಮಾಡಿ ನೋಡಲಿ: ನಾಲ್ಕು ಸೆಕೆಂಡಿಗೊಂದು ಎಂದರೂ 12,000ಕ್ಕೆ 13 ಗಂಟೆ ದಾಟುತ್ತದೆ. ಆ ಯಾತ್ರಿಕನಿಗೆ ಮನೆ, ಮಕ್ಕಳು, ಕೆಲಸ ಯಾವುದೂ ಇರಲಿಲ್ಲ, ಮೇಲೆ ಗುರುವೊಬ್ಬ ಇದ್ದ.

ಉಸಿರಿಗೆ ಜೋಡಿಸುವುದು ಹಳೆಯದೇ. 14ನೇ ಶತಮಾನದ ಸಿನಾಯಿನ ಗ್ರೆಗೊರಿ ಒಂದು ಗೇಣು ಎತ್ತರದ ಪೀಠದಲ್ಲಿ ಬಗ್ಗಿ ಕೂರುವುದನ್ನೂ ಹೇಳುತ್ತಾರೆ. ಆದರೆ 19ನೇ ಶತಮಾನದ ಇಗ್ನಾತಿ ಬ್ರಿಯಾಂಚನಿನೋವ್, ಏಕಾಂತವಾಸಿ ಥಿಯೋಫನ್ ಇಬ್ಬರೂ ಮಾರ್ಗದರ್ಶಿಯಿಲ್ಲದೆ ಉಸಿರಿನ ಪ್ರಯೋಗ ಬೇಡ ಎಂದು ಕಟ್ಟುನಿಟ್ಟಾಗಿ ಎಚ್ಚರಿಸಿದ್ದಾರೆ. ಕಾರಣ ಸರಳ. ಉಸಿರು ಬಿಗಿಹಿಡಿದರೆ ಎದೆ ಬೆಚ್ಚಗಾಗುತ್ತದೆ, ತಲೆ ಹಗುರಾಗುತ್ತದೆ, ಅದನ್ನೇ ಪವಿತ್ರಾತ್ಮನ ಸ್ಪರ್ಶ ಎಂದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಯಾರ ಬುದ್ಧಿಮಾತೂ ಕಿವಿಗೆ ಹೋಗುವುದಿಲ್ಲ. ಗುಂಪಿನಲ್ಲಿ ಉಸಿರಿನ ಸೂಚನೆ ಕೊಡಲೇಬೇಡಿ. ಸಹಜವಾಗಿ ಕೂಡಿಕೊಂಡರೆ ಕೂಡಿಕೊಳ್ಳಲಿ.

ಇನ್ನೊಂದು. ಪ್ರಾರ್ಥಿಸುವಾಗ ಕ್ರಿಸ್ತನ ಮುಖವನ್ನೂ ಕಲ್ಪಿಸಿಕೊಳ್ಳಬಾರದು ಎಂಬುದು ನಮ್ಮಲ್ಲಿ ಗಟ್ಟಿ ನಿಯಮ. ಕಣ್ಣೆದುರು ಐಕಾನ್ (ಪವಿತ್ರ ಚಿತ್ರ) ಇರಬಹುದು, ಮನಸ್ಸಿನೊಳಗೆ ಚಿತ್ರ ಕೂಡದು.

ಬೆರೋಯ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮತ್ತಾಯ 6:7 ಯಾರೂ ಓದಿಲ್ಲವೇ? ಅನ್ಯಜನರ ಹಾಗೆ ಹೇಳಿದ್ದನ್ನೇ ಸುಮ್ಮಸುಮ್ಮನೆ ಹೇಳಬೇಡಿ ಎಂದು ಕರ್ತನೇ ಹೇಳಿದ್ದಾನೆ. ಜಾನ್ ಮೇನ್ ಈ ಪದ್ಧತಿ ಕಲಿತದ್ದು ಮಲಯದಲ್ಲಿ ಒಬ್ಬ ಹಿಂದೂ ಸ್ವಾಮಿಯಿಂದ. ಅದನ್ನು ಮೊದಲೇ ಹೇಳಬೇಕಿತ್ತು. 'ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ' ಅನ್ನುವ ಕೀರ್ತನೆ 46ನ್ನು ಎಲ್ಲ ಮೌನದ ಪೋಸ್ಟರುಗಳ ಮೇಲೂ ಹಾಕುತ್ತಾರೆ. ಅಧ್ಯಾಯ ಪೂರ್ತಿ ಓದಿದರೆ ಅದು ಬಿಲ್ಲು ಮುರಿದು, ಯುದ್ಧ ನಿಲ್ಲಿಸುವ ದೇವರು ಜನಾಂಗಗಳನ್ನು ಗದರಿಸುವ ಮಾತು. ಧ್ಯಾನ ತರಗತಿಯಲ್ಲ.

ಮೆಟ್ಟಿಲು:
ಬೆರೋಯ ಅವರೇ, ಕೀರ್ತನೆ 46ರ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಮೌನಕ್ಕೆ ಆಧಾರ ಬೇಕಿದ್ದರೆ ಕೀರ್ತನೆ 62 ಮತ್ತು 131, ಎಲೀಯನ 1 ಅರಸುಗಳು 19, ಮಾತಿಲ್ಲದ ನರಳಾಟದ ರೋಮ 8:26 ಇವೆ.

ಜಾನ್ ಮೇನ್ 1950ರ ದಶಕದಲ್ಲಿ ಸ್ವಾಮಿ ಸತ್ಯಾನಂದರಿಂದ ಕಲಿತದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಆಮೇಲೆ ಅದನ್ನು ಅವರು ಕಂಡುಕೊಂಡದ್ದು ಯೊವಾನ್ ಕ್ಯಾಸಿಯನ್ ಎಂಬ ಸನ್ಯಾಸಿಯ ಬರಹದಲ್ಲಿ. 5ನೇ ಶತಮಾನದ ಕ್ಯಾಸಿಯನ್ ತನ್ನ ಹತ್ತನೇ ಸಂವಾದದಲ್ಲಿ ಈಜಿಪ್ಟಿನ ಅಬ್ಬಾ ಐಸಾಕ್‌ನ ಬೋಧನೆ ಎಂದು ಕೊಡುವುದು ಕೀರ್ತನೆ 70ರ ಮೊದಲ ವಚನವನ್ನು: ದೇವರೇ ಸಹಾಯಕ್ಕೆ ಬಾ, ಕರ್ತನೇ ಬೇಗ ಬಾ. ಇದನ್ನೇ ಕೆಲಸದಲ್ಲಿ, ಊಟದಲ್ಲಿ, ನಿದ್ದೆ ಬರುವ ತನಕ ಬಿಡದೆ ಹೇಳು ಎನ್ನುತ್ತಾನೆ. ಮರಳಿ ಮರಳಿ ಹೇಳುವುದು ಕ್ರೈಸ್ತರಿಗೆ ಹೊರಗಿನಿಂದ ಬಂದದ್ದು ಅನ್ನಲು ಆಗದು. ಗೆತ್ಸೆಮನೆಯಲ್ಲಿ ಯೇಸು ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದ (ಮತ್ತಾಯ 26:44). ಕೀರ್ತನೆ 136ರಲ್ಲಿ ಒಂದೇ ಪಲ್ಲವಿ 26 ಸಲ ಬರುತ್ತದೆ. ಮತ್ತಾಯ 6:7 ತಡೆಯುವುದು ಬಹಳ ಮಾತಾಡಿ ದೇವರನ್ನು ಒಪ್ಪಿಸಬಹುದು ಎಂಬ ಲೆಕ್ಕಾಚಾರವನ್ನು. ಪದವನ್ನು ಎಣಿಸಿ ಫಲ ಕೇಳುವವರಿಗೆ ಆ ವಚನ ಇಂದೂ ತಾಗಬೇಕು.

ಬೆರೋಯ:
ಒಪ್ಪೋಣ. ಆದರೆ ವಾಕ್ಯ ಇಲ್ಲದ ಮೌನ ಬರೀ ವಿಶ್ರಾಂತಿ. ಅದಕ್ಕೆ ಕ್ರಿಸ್ತನ ಹೆಸರು ಯಾಕೆ?

ಕೀರ್ತನೆ131:
ಈ ಆಕ್ಷೇಪವನ್ನು ರೋಮ್ ಕೂಡ ಎತ್ತಿದೆ. 1989ರ ಅಕ್ಟೋಬರ್ 15ರ ದಿನಾಂಕ ಹೊತ್ತ ಕ್ರಿಸ್ತೀಯ ಧ್ಯಾನದ ಕುರಿತ ವ್ಯಾಟಿಕನ್ ಪತ್ರ, ಕೆಲವು ಶಾರೀರಿಕ ಅಭ್ಯಾಸಗಳು ತಾವಾಗಿಯೇ ಶಾಂತಿ, ಬೆಳಕು, ಬೆಚ್ಚನೆಯ ಭಾವ ಹುಟ್ಟಿಸುತ್ತವೆ, ಅದನ್ನು ಪವಿತ್ರಾತ್ಮನ ಸಾಂತ್ವನ ಎಂದು ತಿಳಿಯುವುದು ತಪ್ಪು ಎಂದು ನೇರವಾಗಿ ಹೇಳುತ್ತದೆ. ಗಂಟುಹಗ್ಗ ಅವರು ಹೇಳಿದ್ದೂ ಅದನ್ನೇ.

ಹಾಗಾಗಿ ಗುಂಪಿಗೆ ನನ್ನ ಸಲಹೆ ಲೆಕ್ಷಿಯೋ ದಿವಿನಾದಿಂದ, ಅಂದರೆ ಬೈಬಲಿನ ಒಂದು ಭಾಗವನ್ನು ನಿಧಾನವಾಗಿ ಓದಿ ಪ್ರಾರ್ಥಿಸುವುದರಿಂದ, ಶುರು ಮಾಡಿ ಎಂದು. 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೋ ಇದನ್ನು ನಾಲ್ಕು ಮೆಟ್ಟಿಲಾಗಿ ಬರೆದ: ಓದು, ಮನನ, ಪ್ರಾರ್ಥನೆ, ದರ್ಶನ. ಮೌನ ನಾಲ್ಕನೆಯದು. ಮೊದಲ ಮೂರನ್ನು ಹತ್ತದೆ ನೇರ ನಾಲ್ಕಕ್ಕೆ ಜಿಗಿದಾಗಲೇ ಬೆರೋಯ ಅವರು ಹೇಳುವ ಬರೀ ವಿಶ್ರಾಂತಿ ಸಿಗುವುದು.

ಅರ್ಧ ಗಂಟೆ ಇದೆ ಎನ್ನಿ. ಐದರಿಂದ ಎಂಟು ವಚನ ಸಾಕು, ಒಂದು ಅಧ್ಯಾಯ ಖಂಡಿತ ಬೇಡ. ಒಬ್ಬರು ಗಟ್ಟಿಯಾಗಿ, ನಿಧಾನವಾಗಿ ಓದಲಿ. ಎರಡು ನಿಮಿಷ ಬಿಟ್ಟು ಬೇರೆ ದನಿಯಲ್ಲಿ ಮತ್ತೊಮ್ಮೆ ಅದೇ ಭಾಗ. ಈ ಸಲ ಕೇಳುವವರು ತಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಪದವನ್ನೋ ಪದಗುಚ್ಛವನ್ನೋ ಇಟ್ಟುಕೊಂಡು ಐದಾರು ನಿಮಿಷ ಅದನ್ನೇ ಮೆಲುಕು ಹಾಕಲಿ. ಮೂರನೇ ಓದಿನ ನಂತರ ಆ ಪದದಿಂದ ಹುಟ್ಟಿದ್ದನ್ನು ದೇವರಿಗೆ ಹೇಳಲಿ: ತಕರಾರಾದರೂ ಸರಿ, ಕೃತಜ್ಞತೆಯಾದರೂ ಸರಿ. ಉಳಿದ ಹತ್ತು ನಿಮಿಷ ಆ ಮಾತನ್ನೂ ಬಿಟ್ಟು ಇರುವುದು.

ಇದು ಕೆಡುವ ಜಾಗ ಎರಡನೇ ಮೆಟ್ಟಿಲು. ಯಾರಾದರೂ ಒಬ್ಬರು 'ಮೂಲ ಗ್ರೀಕ್‌ನಲ್ಲಿ...' ಎಂದು ಶುರು ಮಾಡುತ್ತಾರೆ, ಅಲ್ಲಿಗೆ ಬೈಬಲ್ ಅಧ್ಯಯನ ಆಯಿತು. ವ್ಯಾಖ್ಯಾನ ಗ್ರಂಥಗಳನ್ನು ಆ ಹೊತ್ತು ಮುಚ್ಚಿಡಿ. ಭಾಗದ ಹಿನ್ನೆಲೆ ತಿಳಿಸಬೇಕಿದ್ದರೆ ಓದಿಗೆ ಮೊದಲೇ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ. ವಂಶಾವಳಿ, ನಿಯಮಗಳ ಪಟ್ಟಿ ಶುರುವಿಗೆ ಬೇಡ. ಕೀರ್ತನೆಗಳು, ಶುಭಸಂದೇಶದ ಚಿಕ್ಕ ಘಟನೆಗಳು ಒದಗುತ್ತವೆ.

ಹಣತೆ:
ತುಂಬಾ ಉಪಕಾರವಾಯಿತು. ಆಲೋಚನೆಗಳ ವಿಷಯ? ಕೂತ ತಕ್ಷಣ ಮಾರುಕಟ್ಟೆ ತೆರೆದ ಹಾಗೆ ಆಗುತ್ತದೆ ಎಂಬುದು ಎಲ್ಲರ ದೂರು. ಮತ್ತೆ ನಿದ್ದೆ?

ಒಳಮನೆ:
ನಿದ್ದೆಯ ಮದ್ದು ಬಹುಪಾಲು ಕುರ್ಚಿಯಲ್ಲಿದೆ. ಬೆನ್ನು ಮೆತ್ತೆಗೆ ಒರಗದೆ ತನ್ನಷ್ಟಕ್ಕೆ ನೆಟ್ಟಗಿರಬೇಕು, ಎರಡೂ ಪಾದ ನೆಲ ಮುಟ್ಟಬೇಕು, ಮಂಡಿ ಸೊಂಟಕ್ಕಿಂತ ತುಸು ಕೆಳಗಿರಬೇಕು. ಮಂಡಿ ಮೇಲಾದರೆ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ, ಗಲ್ಲ ಎದೆಗೆ ಬೀಳುತ್ತದೆ, ತೂಕಡಿಕೆ ಶುರು. ಕಾಲು ಎಟುಕದವರಿಗೆ ಕಾಲ ಕೆಳಗೆ ಮಣೆ. ನೆಲದ ಮೇಲೆ ಕೂರುವವರು ದಿಂಬನ್ನು ಮಡಿಚಿ ಪೃಷ್ಠದ ಕೆಳಗೆ ಮಾತ್ರ ಇಡಲಿ, ತೊಡೆಯ ಕೆಳಗಲ್ಲ. ಊಟ ಆದ ಒಂದೂವರೆ ಗಂಟೆಯೊಳಗೆ ಬೇಡ. ದೀಪ ಪೂರ್ತಿ ಆರಿಸಬೇಡಿ. ಇಷ್ಟರ ಮೇಲೂ ನಿದ್ದೆ ಬಂದರೆ ಕಣ್ಣು ಅರೆ ತೆರೆದು, ನಾಲ್ಕಡಿ ಮುಂದಿನ ನೆಲ ನೋಡಲಿ. ಮತ್ತೂ ಬಂದರೆ ಆ ವ್ಯಕ್ತಿಗೆ ರಾತ್ರಿ ನಿದ್ದೆ ಸಾಲುತ್ತಿಲ್ಲ ಎಂದೇ ಅರ್ಥ, ಅದನ್ನು ಪಾಪದ ಲೆಕ್ಕಕ್ಕೆ ಬರೆಯಬೇಡಿ.

ಆಲೋಚನೆಗೆ ಬರೋಣ. ಅವಿಲಾದ ಸಂತ ತೆರೇಸಾ 1577ರಲ್ಲಿ ಬರೆದ 'ಅಂತರಂಗದ ಕೋಟೆ'ಯ ನಾಲ್ಕನೇ ನಿವಾಸದಲ್ಲಿ ಒಂದು ಉಪಕಾರದ ಮಾತಿದೆ. ಅಲೆಯುವ ಕಲ್ಪನೆ ಬೇರೆ, ದೇವರ ಕಡೆ ತಿರುಗಿದ ಇಚ್ಛೆ ಬೇರೆ. ಮೊದಲನೆಯದು ಗದ್ದಲ ಮಾಡುತ್ತಿರುವಾಗಲೇ ಎರಡನೆಯದು ಪ್ರಾರ್ಥನೆಯಲ್ಲಿ ಇರಬಹುದು. ಇದು ಗೊತ್ತಿಲ್ಲದವರು ಗದ್ದಲ ಕೇಳಿಸಿದ ಕೂಡಲೇ ಪ್ರಾರ್ಥನೆ ಮುರಿಯಿತೆಂದು ಎದ್ದು ಹೋಗುತ್ತಾರೆ. ಅದೇ ತೆರೇಸಾ ಸುಮಾರು 18 ವರ್ಷ, ಪರಮಪ್ರಸಾದ ಸ್ವೀಕರಿಸಿದ ಹೊತ್ತು ಬಿಟ್ಟರೆ, ಕೈಯಲ್ಲೊಂದು ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಅಂಜುತ್ತಿದ್ದರು. ಎಷ್ಟೋ ಸಲ ಗಡಿಯಾರ ಯಾವಾಗ ಹೊಡೆಯುತ್ತದೋ ಎಂದು ಕಾಯುತ್ತಿದ್ದೆ ಎಂದೂ ತಮ್ಮ ಜೀವನಕಥೆಯಲ್ಲಿ ಬರೆದಿದ್ದಾರೆ. ನಿಮ್ಮ ಗುಂಪಿನಲ್ಲಿ ಪುಸ್ತಕ ಬೇಕೆನ್ನುವವರಿಗೆ ಕೊಡಿ. ಒಂದು ವಾಕ್ಯ ಓದಿ ಮುಚ್ಚಲಿ, ಮತ್ತೆ ಬೇಕಾದಾಗ ತೆರೆಯಲಿ.

ಕೈಯಳತೆಯಲ್ಲಿ ಹೇಳಬೇಕೆಂದರೆ: ಆಲೋಚನೆ ಬಂತು, ನಾಳೆಯ ಬಿಲ್ಲು ಕಟ್ಟಬೇಕು. ಬಂದದ್ದು ತಪ್ಪಲ್ಲ. ಎಷ್ಟು ಮೊತ್ತ, ಯಾರಿಗೆ ಫೋನ್ ಮಾಡಬೇಕು ಎಂದು ಮುಂದಿನ ವಾಕ್ಯಕ್ಕೆ ಹೋದಿರಿ, ಅಲ್ಲಿ ಬೆನ್ನು ಹತ್ತಿದಿರಿ. ಗೊತ್ತಾದ ಕ್ಷಣ ಹೆಚ್ಚಿನವರು ಮಾಡುವ ಎರಡನೇ ತಪ್ಪು, 'ಛೆ, ಮತ್ತೆ ಹೋದೆ' ಎಂದು ತನ್ನನ್ನೇ ಬೈದುಕೊಳ್ಳುವುದು. ಅದು ಇನ್ನೊಂದು ಆಲೋಚನೆ, ಮೊದಲಿನದಕ್ಕಿಂತ ಜಿಗುಟು. ಬಿಲ್ಲಿನಿಂದ ಸೀದಾ ಪದಕ್ಕೆ ಬನ್ನಿ, ನಡುವೆ ಟೀಕೆ ಬೇಡ. 'ಕ್ಲೌಡ್' ಬರೆದವನು ಎರಡು ಉಪಾಯ ಕೊಡುತ್ತಾನೆ: ಎದುರು ನಿಂತ ಆಲೋಚನೆಯ ಭುಜದ ಮೇಲಿಂದ ಆಚೆ ಇರುವ ದೇವರ ಕಡೆ ನೋಡುವುದು. ಅದೂ ಆಗದಿದ್ದರೆ, ಸೋತವನ ಹಾಗೆ ಆಲೋಚನೆಗಳ ಕೆಳಗೆ ಮುದುಡಿ, ನನ್ನ ಕೈಲಾಗದು ಎಂದು ದೇವರಿಗೆ ಒಪ್ಪಿಸಿಬಿಡುವುದು. ಎರಡನೆಯದು ಬಳಲಿದ ದಿನಗಳಿಗೆ ಚೆನ್ನಾಗಿ ಒದಗುತ್ತದೆ.

ಗಂಟುಹಗ್ಗ:
ಒಳಮನೆಯವರ ಮಾತಿಗೆ ಒಂದು ಸೇರಿಕೆ. ಮನಸ್ಸು ಅಲೆಯುವುದು ಬೇರೆ, ಬೇಸರ ಬೇರೆ. ಎವಾಗ್ರಿಯಸ್ (345–399) ಮರುಭೂಮಿಯ ಸನ್ಯಾಸಿಗಳನ್ನು ನೋಡಿ ಎಂಟು ದುರಾಲೋಚನೆಗಳ ಪಟ್ಟಿ ಮಾಡಿದ. ಅದರಲ್ಲಿ ಅಸೀಡಿಯಾ, ಅಂದರೆ ಆತ್ಮಿಕ ಬೇಸರ, ಅನ್ನುವುದು ಹಗಲಿನ ನಾಲ್ಕನೇ ತಾಸಿನಿಂದ ಎಂಟನೇ ತಾಸಿನವರೆಗೆ, ಅಂದರೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಕಾಡುತ್ತದೆ: ಸೂರ್ಯ ಸರಿಯುತ್ತಿಲ್ಲ, ದಿನಕ್ಕೆ ಐವತ್ತು ತಾಸು ಇದೆ ಅನ್ನಿಸುತ್ತದೆ, ಕಿಟಕಿಯ ಕಡೆ ಕಣ್ಣು ಹೋಗುತ್ತದೆ, ಯಾರಾದರೂ ಬರುತ್ತಾರಾ, ಬೇರೆ ಜಾಗ ಇದಕ್ಕಿಂತ ಚೆನ್ನಾಗಿದ್ದೀತಾ ಎಂದು. ಈಗ ಅದರ ಗುರುತು ಎಂದರೆ ಬೇರೆ ವಿಧಾನ ಹುಡುಕುವುದು. ಮೂರು ವಾರ ಜಪಸರ, ನಾಲ್ಕು ವಾರ ಸೆಂಟರಿಂಗ್, ಆಮೇಲೆ ಇನ್ಯಾವುದೋ ಆ್ಯಪ್. ಇದಕ್ಕೆ ಮದ್ದು ಎದ್ದು ಹೋಗದಿರುವುದು, ಅಷ್ಟೇ.

ಕೀರ್ತನೆ131:
ಲೊಯೋಲಾದ ಇಗ್ನೇಷಿಯಸ್ ಇದಕ್ಕೆ ನಿಯಮವನ್ನೇ ಮಾಡಿದ್ದಾರೆ. ಪ್ರಾರ್ಥನೆ ಒಣಗಿದ ಹೊತ್ತಿನಲ್ಲಿ ಗೊತ್ತುಮಾಡಿಕೊಂಡ ಸಮಯಕ್ಕಿಂತ ತುಸು ಹೆಚ್ಚೇ ಕೂರು, ಒಂದು ನಿಮಿಷವೂ ಕಡಿಮೆ ಮಾಡಬೇಡ. ಅಂಥ ದಿನಗಳಲ್ಲಿ ಹಿಂದಿನ ತೀರ್ಮಾನ ಬದಲಿಸಬೇಡ. ಕಾರಣವನ್ನೂ ಮೂರಾಗಿ ಹೇಳುತ್ತಾರೆ, ಮೊದಲನೆಯದು ನಮ್ಮದೇ ಸೋಮಾರಿತನ. ಮೊದಲು ಅದನ್ನು ಪರಿಶೀಲಿಸಿ, ಆಮೇಲೆ 'ಆತ್ಮದ ಕತ್ತಲ ರಾತ್ರಿ' (ದೇವರು ಆತ್ಮವನ್ನು ಶುದ್ಧಗೊಳಿಸುವ ಒಣ ಕಾಲ) ಎಂಬ ದೊಡ್ಡ ಹೆಸರಿಡಿ. ಈಗ ಎರಡು ವಾರ ಪ್ರಾರ್ಥನೆ ಸಪ್ಪೆಯಾದರೆ ಸಾಕು, ಎಲ್ಲರಿಗೂ ಕತ್ತಲ ರಾತ್ರಿಯೇ!

ಹಣತೆ:
ಅದನ್ನೇ ಕೇಳಬೇಕೆಂದಿದ್ದೆ. ಕತ್ತಲ ರಾತ್ರಿಯೋ ಖಿನ್ನತೆಯೋ, ಹೇಗೆ ಗುರುತಿಸುವುದು?

ಒಳಮನೆ:
ಶಿಲುಬೆಯ ಸಂತ ಯೊವಾನ್ನರು (1542–1591) ಮೂರು ಗುರುತು ಕೊಟ್ಟಿದ್ದಾರೆ. ದೇವರ ವಿಷಯಗಳಲ್ಲೂ ರುಚಿ ಇಲ್ಲ, ಲೋಕದ ಬೇರೆ ಯಾವುದರಲ್ಲೂ ರುಚಿ ಇಲ್ಲ. ಹಾಗಿದ್ದೂ ನಾನು ದೇವರನ್ನು ಸರಿಯಾಗಿ ಸೇವಿಸುತ್ತಿಲ್ಲವಲ್ಲ, ಹಿಂದಕ್ಕೆ ಹೋಗುತ್ತಿದ್ದೇನಲ್ಲ ಎಂಬ ಕಳವಳ ಬಿಡುವುದಿಲ್ಲ. ಮೊದಲಿನ ಹಾಗೆ ಕಲ್ಪನೆ ಬಳಸಿ ಧ್ಯಾನಿಸಲು ಪ್ರಯತ್ನಿಸಿದರೂ ಆಗುತ್ತಿಲ್ಲ. ಮೂರೂ ಒಟ್ಟಿಗೆ ಇರಬೇಕು, ಇದು ಮುಖ್ಯ. ಪ್ರಾರ್ಥನೆಯಲ್ಲಿ ರುಚಿ ಇಲ್ಲ, ಮೊಬೈಲಿನಲ್ಲಿ ಮಾತ್ರ ಬೇಕಾದಷ್ಟು ಇದೆ ಎಂದರೆ ಅದು ಉದಾಸೀನ. ಎಲ್ಲವೂ ಬೇಡವಾಗಿದೆ, ದೇವರ ಬಗ್ಗೆ ಕಳವಳವೂ ಇಲ್ಲ ಎಂದರೆ ಅವರೇ ಅದನ್ನು ದೇಹದ ಅಸ್ವಾಸ್ಥ್ಯ, ಮನಸ್ಸಿನ ವಿಷಾದ ಇರಬಹುದು ಎನ್ನುತ್ತಾರೆ. ನಾನೂರು ವರ್ಷಕ್ಕೂ ಹಿಂದೆ ಈ ಭೇದ ಮಾಡಿದ್ದರು ನೋಡಿ.

ಇಷ್ಟು ಮಾತ್ರಕ್ಕೆ ನಾವು ನೀವು ತೀರ್ಪು ಕೊಡಬಾರದು. ನಿದ್ದೆ, ಹಸಿವು ಕೆಟ್ಟಿದೆ, ಕೆಲಸ ಮಾಡಲಾಗುತ್ತಿಲ್ಲ, ಎಲ್ಲದಕ್ಕೂ ತಾನೇ ತಪ್ಪಿತಸ್ಥ ಎನಿಸುತ್ತಿದೆ, ಇದು ಎರಡು ವಾರ ಮೀರಿದೆ ಎಂದರೆ ವೈದ್ಯರ ಬಳಿ ಹೋಗಬೇಕು. ಬದುಕೇ ಬೇಡ ಎಂಬ ಮಾತು ಬಂದರೆ ಅದೇ ದಿನ. ಎರಡೂ ಒಟ್ಟಿಗಿರಬಹುದು. ಮಾತ್ರೆ ತೆಗೆದುಕೊಂಡರೆ ಆತ್ಮಿಕ ಶುದ್ಧೀಕರಣ ನಿಲ್ಲುತ್ತದೆ ಎನ್ನುವ ಮಾರ್ಗದರ್ಶಿಯಿಂದ ದೂರವಿರಿ.

ಮೌನದಲ್ಲಿ ಹಳೆಯ ಗಾಯಗಳು ಮೇಲೆ ಬರುವುದೂ ಉಂಟು. ಅಳು ಬಂದು ಹೋದರೆ ತೊಂದರೆಯಿಲ್ಲ. ಎದೆ ಡವಗುಟ್ಟುವುದು, ಬೆವರುವುದು, ನಡೆದದ್ದು ಕಣ್ಣೆದುರೇ ಮತ್ತೆ ನಡೆದಂತಾಗುವುದು ಇದ್ದರೆ ಆ ವ್ಯಕ್ತಿ ಕಣ್ಣು ತೆರೆಯಬೇಕು, ಎದ್ದು ಓಡಾಡಬೇಕು, ಕೀರ್ತನೆಯನ್ನು ಗಟ್ಟಿಯಾಗಿ ಓದಬೇಕು. ಮುಂದಿನ ಸಲ ಐದೇ ನಿಮಿಷ, ಕಣ್ಣು ತೆರೆದು. ಅವರನ್ನು ಎಂಟು ದಿನದ ಮೌನ ಧ್ಯಾನಕೂಟಕ್ಕೆ ಕಳಿಸಬೇಡಿ.

ಅತಿಯಾದವರಿಗೂ ತೆರೇಸಾ ಬರೆದಿದ್ದಾರೆ. ಉಪವಾಸ, ಜಾಗರಣೆಯಿಂದ ನಿತ್ರಾಣಳಾದ ಒಬ್ಬಾಕೆ ಎಂಟು ತಾಸು ಮಂಕಾಗಿ ಕೂತಿರುತ್ತಿದ್ದಳು, ಅದನ್ನೇ ಪರವಶತೆ ಎಂದುಕೊಂಡಿದ್ದಳು. ತಪಸ್ಸು ಕಡಿಮೆ ಮಾಡಿಸಿ, ಊಟ ನಿದ್ದೆ ಕೊಡಿಸಿದ ಮೇಲೆ ಸರಿಹೋಯಿತು.

ಬೆರೋಯ:
ಈ ಥರದ ನೆಲಕ್ಕೆ ಕಾಲೂರಿದ ಮಾತು ಮೊದಲೇ ಬಂದಿದ್ದರೆ ನಾನು ಇಷ್ಟು ಜಗಳ ಮಾಡುತ್ತಿರಲಿಲ್ಲ. ಒಂದೇ ಪ್ರಶ್ನೆ ಉಳಿದಿದೆ. ಮೌನಕ್ಕೆ ಇಳಿದವರು ಬಿನ್ನಹ, ಪಶ್ಚಾತ್ತಾಪ, ವಾಕ್ಯ ಎಲ್ಲ ಕೆಳಗಿನ ದರ್ಜೆಯದು ಎಂದು ಬಿಡುವುದನ್ನು ಕಾಣುತ್ತೇವೆ. ಇದಕ್ಕೇನು?

ಮೆಟ್ಟಿಲು:
ಆ ತಪ್ಪಿಗೆ ಚರಿತ್ರೆಯಲ್ಲಿ ಕ್ವೈಟಿಸಂ ಎಂಬ ಹೆಸರಿದೆ. 1687ರಲ್ಲಿ ಹನ್ನೊಂದನೇ ಇನೊಸೆಂಟ್ ಪೋಪರು ಮಿಗೆಲ್ ದೆ ಮೊಲಿನೋಸ್‌ನ 68 ಹೇಳಿಕೆಗಳನ್ನು ಖಂಡಿಸಿದರು. ಏನೂ ಕೇಳಬಾರದು, ಶೋಧನೆ (ಪಾಪದ ಸೆಳೆತ) ಬಂದರೂ ತಡೆಯುವ ಪ್ರಯತ್ನ ಬೇಡ, ಸುಮ್ಮನೆ ಬಿದ್ದಿರಬೇಕು ಎಂಬ ಧಾಟಿ ಅದು. ಪರೀಕ್ಷೆ ಸುಲಭ: ಮೌನ ಶುರುವಾದ ಮೇಲೆ ಆ ಮನುಷ್ಯ ಮನೆಯವರ ಮೇಲೆ ಸಿಡುಕುವುದು ಹೆಚ್ಚಾಯಿತೋ ಕಡಿಮೆಯಾಯಿತೋ, ಆರಾಧನೆಗೆ ಬರುವುದು ಬಿಟ್ಟನೋ, ತಪ್ಪೊಪ್ಪಿಕೊಳ್ಳುವುದು ಅವನಿಗೆ ಈಗ ಸುಲಭವೋ ಕಷ್ಟವೋ. ಕೂತಾಗ ಏನಾಯಿತು ಎಂದು ಕೇಳಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ.

ಹಣತೆ:
ಹಾಗಾದರೆ ನಮ್ಮ ಯೋಜನೆ ಹೀಗೆ: ವಾದ್ಯ ಸಂಗೀತ ಮೆಲ್ಲಗೆ ಹಾಕಿ, ಕೀರ್ತನೆ ಓದಿ, 20 ನಿಮಿಷ ಮೌನ, ಮೊಬೈಲಿನ ಅಲಾರಂ, ಆಮೇಲೆ ಎಲ್ಲರೂ ಅನುಭವ ಹಂಚಿಕೊಳ್ಳುವುದು. ಮುಂದಿನ ವಾರದಿಂದಲೇ.

ಕೀರ್ತನೆ131:
ಸಂಗೀತ ತೆಗೆಯಿರಿ. ಅದು ಭಾವ ಎಬ್ಬಿಸುತ್ತದೆ, ಜನ ಹಾಡಿನ ಹಿಂದೆ ಹೋಗುತ್ತಾರೆ, ನಿಂತಾಗ ಬೆಚ್ಚುತ್ತಾರೆ. ಫ್ರಾನ್ಸಿನ ಟೆಜೇ ಎಂಬ ಕ್ರೈಸ್ತ ಸಮುದಾಯದ ಪ್ರಾರ್ಥನೆಯಲ್ಲಿ ಹಾಡು ನಿಂತ ಮೇಲೇ ಮೌನ. ಎಲ್ಲರೂ ಹಂಚಿಕೊಳ್ಳಬೇಕೆಂಬುದನ್ನೂ ತೆಗೆಯಿರಿ. ಹೇಳಲೇಬೇಕು ಎಂದಾದರೆ ಕೂತಾಗಲೇ ಏನು ಹೇಳಲಿ ಎಂದು ಜೋಡಿಸಿಕೊಳ್ಳುತ್ತಾರೆ. ಕ್ವೇಕರರು ಎಂಬ ಕ್ರೈಸ್ತ ಪಂಗಡದ ಸಭೆಯಲ್ಲಿ ಸುಮಾರು ಒಂದು ಗಂಟೆ ಮೌನದ ನಡುವೆ ಪ್ರೇರಣೆಯಾದವರು ಎದ್ದು ಮಾತಾಡಬಹುದು, ಕೊನೆಗೆ ಕೈಕುಲುಕಿ ಮುಗಿಸುತ್ತಾರೆ. ಅದು ಬೇರೆಯೇ ಶಿಸ್ತು, ಅದನ್ನು ಇಲ್ಲಿ ಬೆರೆಸಬೇಡಿ.

ಒಳಮನೆ:
20 ನಿಮಿಷವೂ ಬೇಡ. ಮೊದಲ ತಿಂಗಳು 8, ಆಮೇಲೆ 12, ಮೂರನೇ ತಿಂಗಳಿಗೆ 20. ಸಂತ ಬೆನೆಡಿಕ್ಟರ ನಿಯಮದ 20ನೇ ಅಧ್ಯಾಯ ಕೂಡ, ಸಮುದಾಯದಲ್ಲಿ ಪ್ರಾರ್ಥನೆ ತೀರ ಚಿಕ್ಕದಾಗಿರಲಿ, ಹಿರಿಯನು ಸೂಚನೆ ಕೊಟ್ಟಾಗ ಎಲ್ಲರೂ ಒಟ್ಟಿಗೆ ಏಳಲಿ ಎನ್ನುತ್ತದೆ. ಅಲ್ಲಿದ್ದವರು ಇಡೀ ಬಾಳನ್ನೇ ಇದಕ್ಕೆ ಕೊಟ್ಟವರು.

ಮೆಟ್ಟಿಲು:
ವಿಧಾನ ಒಂದೇ ಇರಲಿ, ಆರು ತಿಂಗಳು ಬದಲಿಸಬೇಡಿ. ನಿಮ್ಮ ಗುಂಪಿಗೆ ಈಗಾಗಲೇ ವಾಚನ ಇರುವುದರಿಂದ ಕೀರ್ತನೆ131 ಅವರ ದಾರಿಯೇ ಹೊಂದುತ್ತದೆ. ಸೂಚನೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಪ್ರತಿ ವಾರ ಅದನ್ನೇ ಓದಿ, ಬಾಯಿಗೆ ಬಂದಂತೆ ಹೇಳಬೇಡಿ. ತಡವಾಗಿ ಬರುವವರಿಗೆ ಬಾಗಿಲ ಪಕ್ಕ ಎರಡು ಕುರ್ಚಿ ಖಾಲಿ ಬಿಡಿ.

ಅಲಾರಂ ಮಾತ್ರ ಖಂಡಿತ ಬೇಡ, ಎದೆ ಧಸಕ್ಕೆನ್ನುತ್ತದೆ. ನಡೆಸುವವರ ತೊಡೆಯ ಮೇಲೆ ಕೈಗಡಿಯಾರ ಇರಲಿ. ಸಮಯವಾದಾಗ ಅವರೊಬ್ಬರೇ ಪರಲೋಕದ ಪ್ರಾರ್ಥನೆಯನ್ನು ಎರಡು ನಿಮಿಷ ಹಿಡಿಯುವಷ್ಟು ನಿಧಾನವಾಗಿ ಹೇಳಲಿ, ಉಳಿದವರು ಕೇಳಲಿ.

ಹಣತೆ:
ನಡೆಸುವವರ ಪ್ರಾರ್ಥನೆಗೆ ಗಡಿಯಾರ ಅಡ್ಡಿಯಾಗುವುದಿಲ್ಲವೇ?

ಮೆಟ್ಟಿಲು:
ಆಗುತ್ತದೆ. ಅದಕ್ಕೇ ವಾರ ವಾರ ಸರದಿ ಹಾಕಿಕೊಳ್ಳಿ.